ತೂಕ ಬಿದ್ದ ಮೇಲೆ

ಬೆದ್ರಿಯ ನೀಲಿ ಪೆಜೊ, ನನಗಿಂತ ಎರಡು ವರ್ಷ ದೊಡ್ಡದು,
ಹರಾರಿನ ಇಳಿಜಾರಿನಲ್ಲಿ ಬಂತು
ಹಲ್ಲಿಲ್ಲದವರು ಕಡಲೆ ಜಗಿದ ಹಾಗೆ:
ಕಟ. ಕಟಕಟ. ಮತ್ತೆ ಕಟ.
ಎಂಜಿನ್ನೇ ಹೋಯಿತು ಅಂತ ಅವನ ಗೋಳು.
ಎಂಜಿನ್ನಿಗೇನು ಧಾಡಿ, ಗುಂಡುಕಲ್ಲಿನ ಹಾಗಿದೆ.
ಹೋದದ್ದು ಬುಷ್ಷು,
ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವಿನ
ಬೆರಳಗಲದ ರಬ್ಬರು.

ಜ್ಯಾಕ್ ಕೊಟ್ಟು, ಪಕ್ಕಕ್ಕೆ ಕಲ್ಲು ಕೊಟ್ಟು
ಬಿಸ್ಮಿಲ್ಲಾ ಅಂದು ಒಳಗೆ ನುಗ್ಗಿದೆ.
ಕೈಗೆ ಮೊದಲು ಸಿಕ್ಕಿದ್ದು ಗ್ರೀಸು.
ಎಷ್ಟು ಜನ ಬಳಿದಿದ್ದಾರೋ!
ಕೆರೆದರೆ ಪದರ ಪದರ:
ಮೇಲೆ ಹೋದ ಬೇಸಿಗೆಯ ಧೂಳು,
ಅದರಡಿ ಡಿರೇ ದಾವಾದ ಮರಳು,
ಎಲ್ಲಿಂದಲೋ ಒಂದು ಜೋಳದ ಕಾಳು,
ತೀರಾ ಒಳಗೆ ಜೇನಿನ ಬಣ್ಣದ್ದು, ಇನ್ನೂ ಮೆತ್ತಗೆ.
ಅದು ನನ್ನಪ್ಪ ಬಳಿದದ್ದಿರಬೇಕು.
ಗ್ರೀಸಿನ ವಿಷಯದಲ್ಲಿ ಅವನು ಜಿಪುಣನಲ್ಲ,
ಉಳಿದದ್ದಕ್ಕೆಲ್ಲ ಆಗಿದ್ದ.

ಹಳೆಯದು ಬಿಡಲೊಲ್ಲದು.
ವೈಸಿಗೆ ಕಚ್ಚಿಸಿದೆ, ಪೈಪಿಟ್ಟು ಬಡಿದೆ,
ಗರಗಸದ ಬ್ಲೇಡು ತೂರಿಸಿ ಒಳಗಿನಿಂದ ಒಂದು ಗೆರೆ ಸೀಳಿದೆ.
ಬಂತು ಕಡೆಗೆ, ಒಣ ಅಂಜೂರದ ಹಾಗೆ ಸುಕ್ಕಾಗಿ,
ಒಂದು ಮಗ್ಗುಲು ಪೂರಾ ಸವೆದು.
ಜಿಬೂತಿಯಿಂದ ರೈಲಿನಲ್ಲಿ ಬಂದ ಹೊಸದು
ಸಾಬೂನು ನೀರು ಸವರಿದ್ದೇ ನುಸುಳಿತು.
"ಎಣ್ಣೆ ಹಾಕಲಾ?" ಅಬ್ದೋಷ ಕೇಳಿದ.
ಎಣ್ಣೆ ಕುಡಿದರೆ ರಬ್ಬರು ಊದಿಕೊಳ್ಳುತ್ತೆ, ಪೆದ್ದೆ.

ಪಾನಾ ಹಿಡಿದು ಬಿಗಿಯಹೊರಟ ಅವನ ಕೈ ಹಿಡಿದೆ.
ತಡಿ.
ಗಾಳಿಯಲ್ಲಿ ನೇತಾಡುವಾಗ ಬಿಗಿದರೆ
ಇಳಿಸಿದ ಗಳಿಗೆಯಿಂದ ತಿರುಚಿಕೊಂಡೇ ಇರುತ್ತೆ,
ಆರು ತಿಂಗಳಿಗೆ ಹರಿಯುತ್ತೆ.
ನೆಲಕ್ಕಿಳಿಯಲಿ, ತೂಕ ಬೀಳಲಿ,
ಅದು ಹೇಗೆ ನಿಲ್ಲುತ್ತೋ ಹಾಗೆ ನಿಂತ ಮೇಲೆ
ಕೊನೆಯ ಸುತ್ತು.

ತೂಕಕ್ಕೆ ಯಾರು?
ಸಂತೆಯಿಂದ ಬರುತ್ತಿದ್ದ ಅಯ್ ಮುಲೂಕಾ, ಬುಟ್ಟಿ ಸಮೇತ.
ಹೊಲಿಗೆ ಬೀದಿಯ ದರ್ಜಿಗಳಿಬ್ಬರು, ಕೊರಳಲ್ಲಿ ಟೇಪು.
ಖಾತ್ ಸೊಪ್ಪಿನ ಕಟ್ಟು ಹೊತ್ತ ಒಬ್ಬಳು, ಹೆಸರು ಕೇಳಲಿಲ್ಲ.
"ಎಲ್ಲಿಗೆ?" ಅಂದಳು ಮುದುಕಿ.
ಎಲ್ಲಿಗೂ ಇಲ್ಲ ತಾಯಿ, ಸುಮ್ಮನೆ ಕೂತಿರಿ.
"ಬಾಡಿಗೆ ಎಷ್ಟು?"
ನಾವೇ ಕೊಡಬೇಕು ನಿಮಗೆ.
ನಕ್ಕರು. ನಗುವಿಗೆ ಗಾಡಿ ಕುಲುಕಿತು,
ಕಟ ಅನ್ನಲಿಲ್ಲ.
ಅವರಷ್ಟೂ ಜನರ ಭಾರದಡಿ ಅಂಗಾತ ಮಲಗಿ,
ಮೂಗಿನಿಂದ ಗೇಣು ದೂರದಲ್ಲಿ
ಮೆಣಸಿನ ಬೆಲೆ, ಯಾರದೋ ಮುರಿದ ನಿಶ್ಚಿತಾರ್ಥ,
ಎಲ್ಲ ಕೇಳಿಸಿಕೊಳ್ಳುತ್ತ
ನಾಲ್ಕೂ ಬೋಲ್ಟು ಬಿಗಿದೆ. ಕೊನೆಯದನ್ನು ನಿಧಾನಕ್ಕೆ,
ನಿಶ್ಚಿತಾರ್ಥದ ಕತೆ ಮುಗಿಯಲಿ ಅಂತ.

ಸೋರಿದ ಗ್ರೀಸಿನ ಮೇಲೆ ಕಾಫಿ ಹೊಟ್ಟು ಚೆಲ್ಲಿ ಗುಡಿಸಿದೆವು.
ಕೈಗೆ ಸಕ್ಕರೆ, ಅಡುಗೆ ಎಣ್ಣೆ. ತಿಕ್ಕು, ಮತ್ತೆ ತಿಕ್ಕು.
ಉಗುರಿನ ಸಂದಿಯದು ಹೋಗಲಿಲ್ಲ.
ಸಕ್ಕರೆ ಡಬ್ಬಿ ನೋಡಿ ಫೆತಿಯಾ ಬೈದಳು.

ಹಳೆಯ ನಾಲ್ಕನ್ನೂ ಚರಂಡಿ ಪಕ್ಕ ಎಸೆದಿದ್ದೆ,
ಬೆಳಿಗ್ಗೆ ಎಣಿಸಿದರೆ ಮೂರು.
ರಾತ್ರಿ ಕತ್ತೆಕಿರುಬ ಬಂದಿರಬೇಕು.
ಜಗಿಯಲಿ ಪಾಪ,
ನನ್ನಪ್ಪನ ಗ್ರೀಸು.