ಮೂರನೇ ಹಾಡಿನ ಕೊನೆ

ಪಾಲಿಬೆಟ್ಟದ ಕಾಫಿ ಗೋಡೌನಿಗೆ
ಸದ್ದು ಹೀರಲೆಂದು ಗೋಣಿ ಹೊಲಿದವನು ನಾನು.
ಮುನ್ನೂರು ಚೀಲ, ಎಲ್ಲದರ ಮೇಲೂ ನೀಲಿ ಮುದ್ರೆ,
ಕೆಲವು ತಲೆಕೆಳಗು.

ಡ್ರಮ್ಮಿಗೆ ಗ್ರೆಗರಿ, ಬೇಸಿಗೆ ಉಮ್ಮರ್.
ಬೆಳ್ಯಪ್ಪ ಅಜ್ಜನ ಕೋವಿ ಮಾರಿ ಗಿಟಾರು ತಂದನೆಂದು ಗುಲ್ಲು.
ಕೋವಿ ಗೋಡೆಯಲ್ಲೇ ಇತ್ತು,
ಮಾರಿದ್ದು ಜೀಪು.

ಹಾಡಲು ಪೂವಿ. ಟೇಪು ಒಂದೇ.
ತಪ್ಪಿದರೆ ಅದರ ಮೇಲೇ ಮತ್ತೆ;
ಹಾಗೆ ಹದಿನೇಳು ಪೂವಿಯರು
ಒಬ್ಬಳಡಿ ಒಬ್ಬಳು ಅಳಿಸಿಹೋದರು.

ಜನವರಿ. ಸಂಜೆ ಆರಕ್ಕೆ
ಸುತ್ತಲ ತೋಟಗಳ ಪಲ್ಪರುಗಳೆಲ್ಲ
ಒಮ್ಮೆಗೇ ಎದ್ದವು.
ಬಲ್ಬು ಕಿತ್ತಳೆಯಾಯಿತು,
ಟೇಪಿನ ಚಕ್ರಕ್ಕೆ ಏದುಸಿರು.
ಕಂಡೆ. ಹೇಳಲಿಲ್ಲ.
ಪೂವಿ ಆವತ್ತೇ ಮೊದಲ ಸಲ
ಕಣ್ಣು ಮುಚ್ಚಿ ಹಾಡುತ್ತಿದ್ದಳು.

ಮೈಸೂರಿನ ಸರಿಯಾದ ಕರೆಂಟಿನಲ್ಲಿ ಹಾಕಿ ಕೇಳಿದರೆ
ನಿಧಾನದಲ್ಲಿ ಹಿಡಿದದ್ದೆಲ್ಲ ಓಡುತ್ತಿದೆ!
ಶ್ರುತಿ ಅರ್ಧ ಮೆಟ್ಟಿಲು ಮೇಲೆ,
ಪೂವಿಯ ಗಂಟಲಲ್ಲಿ ಯಾರೋ ಹತ್ತು ವರ್ಷದ ಹುಡುಗಿ,
ಗ್ರೆಗರಿ ಮಾಕುಟ್ಟದ ಇಳಿಜಾರಿನಲ್ಲಿ ಬ್ರೇಕಿಲ್ಲದ ಲಾರಿ.
ಉಮ್ಮರ್ ನಕ್ಕ. ಬೆಳ್ಯಪ್ಪ ಎದ್ದು ಹೊರಗೆ ಹೋದ.
ಪೂವಿ ಇನ್ನೊಂದು ಸಲ ಕೇಳಿದಳು,
ಇನ್ನೊಂದು ಸಲ.
"ನಾನು ಮತ್ತೆ ಹಾಡಲ್ಲ," ಅಂದಳು. "ಚೀಲ ಬಿಚ್ಚು."

ಆ ರೆಕಾರ್ಡು ಸಿಕ್ಕಿದವರು ಈಗಲೂ ಕೇಳುವುದುಂಟು:
ಕೊನೆಯ ಆ ಏರಿಕೆ ಹೇಗೆ ಹೊಳೆಯಿತು?
ಬೆಳ್ಯಪ್ಪ ಕೈ ಎತ್ತಿ ಇಳಿಸಿ
ಅರ್ಧ ಗಂಟೆ ವಿವರಿಸುತ್ತಾನೆ.
ನಾನು ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತೇನೆ.

ಚೀಲಗಳನ್ನು ಎಣಿಸಿ ವಾಪಸು ಕೊಟ್ಟಿದ್ದೆ.
ಒಂದು ಕಡಿಮೆ ಬಂತು.
ದುಡ್ಡು ಪೂವಿಯೇ ಕಟ್ಟಿದಳು,
ಯಾಕೆಂದು ಯಾರೂ ಕೇಳಲಿಲ್ಲ.