ನಲವತ್ತೆಂಟು ಗೂಡು

ಅಭ್ಯಾಸಿಕಾ ಅಂತಾರ ಇದಕ್ಕ ಪುಣೆದಾಗ, ಓದೂ ಕೋಣಿ.
ಸದಾಶಿವ ಪೇಟೆ, ಎರಡನೇ ಮಾಳಗಿ. ಬಾಗಿಲ ಬಾಜೂಕ
ಕಟ್ಟಿಗಿ ಕಪಾಟು, ಅದರಾಗ ನಲವತ್ತೆಂಟು ಗೂಡು.
ಮದಲ ಚಪ್ಪಲಿ ಬಿಡಬೇಕು, ಆಮ್ಯಾಲೆ ಫೋನು.
ಚಪ್ಪಲಿ ಬಿಡಾಕ ಯಾರೂ ತ್ರಾಸು ಪಟ್ಟಿದ್ದು ನಾ ಕಂಡಿಲ್ಲ.

ಸುಯೋಗ ಮಾರಿ ಕೆಳಗ ಮಾಡಿ ಇಡ್ತಾನ,
ತಬಸ್ಸುಮ್ ಓಢಣಿಯಿಂದ ಒರಸಿ ಇಡ್ತಾಳ,
ಪರಭಣಿ ಕಡೆಯ ಆ ಢಗೆ ಹುಡುಗ
ಇಟ್ಟು, ನಾಲ್ಕು ಹೆಜ್ಜಿ ಹೋಗಿ, ತಿರುಗಿ ಬಂದು,
ಇನ್ನೊಮ್ಮೆ ನೋಡಿ, ಇನ್ನೊಮ್ಮೆ ಇಟ್ಟು –
ಓಡಿ ಹೋಗೂದಿಲ್ಲೋ ತಮ್ಮಾ, ಅಂದೆ ಒಂದಿನ ಕನ್ನಡದಾಗ.
ತಿಳೀಲಿಲ್ಲ ಅವಗ. ನಕ್ಕ.

ಎಲ್ಲಾ ವಿದ್ಯಾಪೀಠದ ಹುಡುಗರು,
ಸೀಟ್ ಸಿಕ್ಕು ಹಾಸ್ಟೆಲ್ ಸಿಗದವರು.
ಪುಸ್ತಕ ತರೂದು ಕಡಿಮಿ. ಪುಸ್ತಕ ಎಲ್ಲಾ ಈ ಗೂಡಿನ್ಯಾಗನ ಅದಾವಂತ,
ಮಾಸ್ತರರ ಪಾಠ ಸುದ್ದಾ, ಎರಡು ಪಟ್ಟು ವೇಗದಾಗ.
ಅದನ್ನ ಹೊರಗಿಟ್ಟು ಒಳಗ ಏನ ಓದತೀರಿ ಅಂತ ಕೇಳಿದ್ರ
ಋಜುತಾ ಅಂದಳು:
ಹೊರಗಿಡಾಕನ ತಿಂಗಳಿಗೆ ಒಂಬೈನೂರು ಕೊಡ್ತೀವಿ ಮಾವಶಿ.

ನಾ ಓದಿದಾಕಿ ಅಲ್ಲ. ಅಂಕಿ ಬರತಾವ.
ಹದಿನಾಲ್ಕು ಢಗೆದು. ರಾತ್ರಿ ಒಂಬತ್ತಕ್ಕ ನಡಗತೈತಿ, ಅದು ತಾಯಿ.
ಮೂರು ಸಲ ನಡಗಿ ಸುಮ್ಮನಾಗತೈತಿ,
ತಾಯಂದಿರು ಮೂರಕ್ಕ ತಿಳಕೋತಾರ.
ಇಪ್ಪತ್ತು ಟಿಣ್ ಅಂದ್ರ ಯಾರದೋ ಊಟದ ಆರ್ಡರ್ ಬಂತು, ಹೋತು,
ನಲವತ್ತು ರೂಪಾಯಿ ಹೋತು;
ಸುಯೋಗ ಒಳಗ ಅರ್ಥಶಾಸ್ತ್ರ ಓದತಿರತಾನ.
ಒಮ್ಮೆ ತಬಸ್ಸುಮ್ ಬಾಗಿಲದಾಗ ಇಣಕಿ,
ಕಂಪ್ಯೂಟರಿನ್ಯಾಗ ಸ್ಕಾಲರ್‌ಶಿಪ್ಪಿನ ಫಾರ್ಮು ನಿಂತೈತಿ,
ಆರು ಅಂಕಿ ಬರತಾವ, ಓದಿ ಹೇಳ್ರಿ, ಅಂದಳು.
ಓದಿದೆ. ನಾಲ್ಕು, ಸೊನ್ನಿ, ಏಳು, ಏಳು... ಬಾಯಿ ಒಣಗಿತ್ತು.
ಅಷ್ಟು ದೊಡ್ಡ ದುಡ್ಡು ನನ್ನ ಬಾಯಿ ದಾಟಿ ಎಂದೂ ಹೋಗಿರಲಿಲ್ಲ.

ಮೂವತ್ತೊಂದು ಮಾತ್ರ ನಡಗೂದಿಲ್ಲ.
ಋಜುತಾಳ ಗೂಡು. ಒಡದ ಗಾಜು, ಸತ್ತ ಬ್ಯಾಟರಿ.
ಖರೇದ್ದು ಕಂಪಾಸ್ ಡಬ್ಬಿಯಾಗ ಕೂತು ಒಳಗ ಹೋಗತೈತಿ, ನನಗ ಗೊತ್ತು.
ನನಗ ಗೊತ್ತಂತ ಆಕಿಗೂ ಗೊತ್ತು.
ಮಾಲಕರಿಗೆ ಹೇಳಿಲ್ಲ. ಯಾಕ ಅಂತ ಕೇಳಬ್ಯಾಡ್ರಿ.

ಮೊನ್ನೆ ಮಂಗಳವಾರ ಸಂಜಿ ನಾಲ್ಕೂವರಿ, ಚಾ ಸೋಸಾಕತ್ತಿದ್ದೆ.
ಒಂದು ಗೂಡು ಗುಂಯ್ ಅಂತು. ಮತ್ತೊಂದು.
ಆಮ್ಯಾಲೆ ಲೆಕ್ಕ ತಪ್ಪಿತು.
ಇಡೀ ಕಪಾಟು ನಡಗಾಕ ಹತ್ತಿತು, ಮ್ಯಾಲಿನ ಕೀಲಿಕೈ ಗೊಂಚಲು ಕುಣೀತು,
ಯಾರೋ ಕಲ್ಲು ಹೊಡದ ಜೇನಿನಂಗ.
ರಿಝಲ್ಟ್ ಇರಬೇಕು, ಇಲ್ಲಾ ಪರೀಕ್ಷಾ ರದ್ದಾಗಿರಬೇಕು.
ಹಿಂದೊಮ್ಮೆ ಹಿಂಗಾದಾಗ ಮೂವರು ಈ ಮೆಟ್ಟಲ ಮ್ಯಾಲೆ ಕೂತು ಅತ್ತಿದ್ದರು,
ಒಬ್ಬ ಪೇಢೆ ತರಾಕ ಬರಿಗಾಲಲೆ ಓಡಿದ್ದ.

ಹೇಳಬೇಕಂತ ಬಾಗಿಲು ತಗದೆ.
ಬಗ್ಗಿದ ತಲಿಗಳು. ಫ್ಯಾನಿನ ಗಾಳಿಗೆ ಹಾಳಿ.
ಒಂದು ತಲಿ ಎತ್ತಿತ್ತು.
ಕಂಪಾಸ್ ಡಬ್ಬಿ ತೆರೆದಿತ್ತು.
ಆಕಿ ಮಾರಿ ಮ್ಯಾಲೆ ಪಾಸೂ ಇರಲಿಲ್ಲ, ಫೇಲೂ ಇರಲಿಲ್ಲ.
ಬಾಜೂಕ ಪೆನ್ಸಿಲ್ ಕಡೀತ ಕೂತ ಢಗೆ ಹುಡುಗನ ನೋಡಿದಳು,
ನನ್ನ ನೋಡಿ ತಲಿ ಅಲ್ಲಾಡಿಸಿದಳು: ಈಗ ಬ್ಯಾಡ.

ಬಾಗಿಲು ಮುಚ್ಚಿ ಕಪಾಟಿಗೆ ಬೆನ್ನು ಹಚ್ಚಿ ನಿಂತೆ.
ಸೋಲಾಪುರದಾಗ ನಮ್ಮ ಮನಿ ಗ್ವಾಡಿ ಆಚೆ ಮಗ್ಗ ಇದ್ದವು,
ರಾತ್ರಿ ಎಲ್ಲಾ ಗ್ವಾಡಿ ಹಿಂಗನ ನಡಗತಿತ್ತು.
ಆ ಸಪ್ಪಳಕ್ಕ ನಮಗ ನಿದ್ದಿ.
ಕರೆಂಟ್ ಹೋಗಿ ಮಗ್ಗ ನಿಂತರ
ತೊಟ್ಟಿಲ ಕೂಸು ಸುದ್ದಾ ಕಣ್ಣು ಬಿಡತಿತ್ತು.

ಚಾ ಆರಿತು.
ಗೂಡು ಒಂದೊಂದಾಗಿ ಸುಮ್ಮನಾದವು, ಕಡೀಕ ಹದಿನಾಲ್ಕು.
ಆಗ ಒಳಗ ಕುರ್ಚಿ ಸರಿದ ಸಪ್ಪಳ,
ಒಂದು, ಎರಡು, ಆಮ್ಯಾಲೆ ಭಾಳ.

ಮದಲು ಬಂದವ ಢಗೆ. ಏನಾತು ಮಾವಶಿ, ಅಂದ.
ಅವನ ಫೋನು ತಗದು ಕೈಯಾಗ ಇಟ್ಟೆ.
ಬೆಚ್ಚಗಿತ್ತು,
ಕೋಳಿ ಆಗಷ್ಟ ಇಟ್ಟ ತತ್ತಿಯಂಗ.