ನಡುಕಕ್ಕೊಂದು ಸಾಲು

ಪೋರ್ಟ್ ಪಿರೀ. ಬೆಳಿಗ್ಗೆ ಎಂಟಕ್ಕೇ ಮೂವತ್ತಾರು ಡಿಗ್ರಿ.
ಗ್ವೆನ್ ಪಾಸ್ಕೋಳ ತಗಡಿನ ಶೆಡ್ಡಿನಲ್ಲಿ
ಮೋಟಾರು ಹೊಟ್ಟೆ ಬಿಚ್ಚಿಕೊಂಡು ಮಲಗಿದೆ.
ಒಳಗೆ ತಾಮ್ರ,
ಅಲ್ಲಲ್ಲಿ ಜೇನಿನ ಬಣ್ಣ, ಅಲ್ಲಲ್ಲಿ ಸೀದ ಬೆಲ್ಲದ್ದು.

ನಿನ್ನೆ ಜರ್ಮೀನ್ ಕಣಿವೆಯ ಏರಿನಲ್ಲಿ
ಕಂಟ್ರೋಲರು ಕೈಚೆಲ್ಲಿತು.
ಕರೆಂಟನ್ನು ಅರ್ಧಕ್ಕಿಳಿಸಿ, ಆಮೇಲೆ ಕಾಲು ಭಾಗಕ್ಕೆ,
ಎಪ್ಪತ್ತೆರಡರ ಹೆಂಗಸನ್ನು
ನಡು ಏರಿನಲ್ಲಿ ನಿಲ್ಲಿಸಿ ಕೆಂಪು ಕಣ್ಣು ಮಿಟುಕಿಸಿತು.
ನಾಲ್ಕು ಸಲ ಬೇಗ, ಒಂದು ಸಲ ನಿಧಾನ.
ಕೈಪಿಡಿಯಲ್ಲಿ ಅದಕ್ಕೆ ಅರ್ಥ: ತಾಪ.
ಗ್ವೆನ್ ಹೇಳಿದ ಅರ್ಥವನ್ನು ನಾನಿಲ್ಲಿ ಬರೆಯಲಾರೆ.

ಟ್ರೇಲರ್ ಕಟ್ಟಿಕೊಂಡು ಹೋಗಿ ತಂದವಳು ನಾನು,
ಸ್ಮೆಲ್ಟರಿನ ಪಾಳಿ ಮುಗಿಸಿ, ಬೂಟು ಕೂಡ ಕಳಚದೆ.
ಅದೇ ಸ್ಮೆಲ್ಟರಿನಲ್ಲಿ ಮೂವತ್ತು ವರ್ಷ
ಮೋಟಾರು ಸುತ್ತಿದವಳು ಅವಳು.
ನಾನು ರಾಣೆಬೆನ್ನೂರಿನ ರಿವೈಂಡಿಂಗ್ ಅಂಗಡಿಯಲ್ಲಿ
ಸೋದರಮಾವನ ಎದುರು ಕೂತು ಸುತ್ತು ಎಣಿಸಿದವಳು,
ಕೆಮ್ಮಿದರೆ ಮತ್ತೆ ಮೊದಲಿಂದ.
ಮೊದಲ ಸಲ ಈ ಬಾಗಿಲಲ್ಲಿ ನಿಂತಾಗ
ವಾರ್ನಿಷ್ ಮೂಗಿಗೆ ಬಡಿದು
ಕನ್ನಡದಲ್ಲೇ "ಎಷ್ಟು ಸುತ್ತು?" ಅಂದುಬಿಟ್ಟಿದ್ದೆ.
ಗ್ವೆನ್ ತಲೆಯೆತ್ತದೆ ಬೆರಳು ತೋರಿಸಿದ್ದಳು: ಏಳು.

ಚಹಾ ಆರುತ್ತಿದೆ. ಈಗ ಮುಂದಿನದರ ಮಾತು.

ಮುಂದಿನ ಮೋಟಾರಿಗೆ ಆಯಸ್ಕಾಂತವೇ ಇರಲಿಕ್ಕಿಲ್ಲ, ಅನ್ನುತ್ತಾಳೆ.
ಕಾದರೆ ಮರೆವು ಹಿಡಿಯುವ ವಸ್ತುವನ್ನು ನಂಬಿ
ಯಾರಾದರೂ ಗುಡ್ಡ ಹತ್ತುತ್ತಾರೆಯೇ?
ಬರಿಯ ಉಕ್ಕು, ಬರಿಯ ತಾಮ್ರ, ಮಿಕ್ಕದ್ದು ಲೆಕ್ಕ.
ಆ ಜಾತಿ ಬಲು ಗಲಾಟೆ, ಅಂದೆ.
ಮಾಡಲಿ. ಕಾಂಗರೂಗಳಿಗಾದರೂ ಗೊತ್ತಾಗಲಿ.

ನನ್ನ ಮೋಟಾರು ದೋಸೆ ಕಾವಲಿಯಂತೆ ಚಪ್ಪಟೆ,
ಆರು ಫೇಸು.
ಒಂದು ಸತ್ತರೆ ಐದು ಹೆಗಲು ಕೊಡುತ್ತವೆ,
ಸುಡುಗಾಡಿಗಲ್ಲ, ಮನೆಗೆ.
ಕಂಟ್ರೋಲರಿಗೆ ಏರು ಮೊದಲೇ ಗೊತ್ತಿರುತ್ತದೆ;
ಬುಡದಲ್ಲೇ ಅನ್ನುತ್ತದೆ: ತಾಯಿ, ಅರವತ್ತರಲ್ಲಿ ಬಾ,
ತುದಿಗೆ ಉಸಿರು ಉಳಿಸಿಕೊಂಡಿರುತ್ತೇನೆ.
ಬೇರಿಂಗಿನ ಗೊರಕೆ ಕೇಳಿ
ಮೂರು ತಿಂಗಳ ಮುಂಚೆ ಎಬ್ಬಿಸುತ್ತದೆ.
ಸಿಲಿಕಾನ್ ಕಾರ್ಬೈಡಿನ ಸ್ವಿಚ್ಚು, ಹೆಬ್ಬೆರಳ ಉಗುರಿನಷ್ಟು,
ಈ ಊರಿನ ಜನವರಿಗೂ ಬೆವರದ್ದು.

ಹಳೆಯ ಕರೆಂಟ್ ಬಿಲ್ಲಿನ ಹಿಂದೆ ಬರೆಯುತ್ತಾ ಹೋಗುತ್ತೇವೆ.
ಬೆಲೆಯ ಕಾಲಂ ಮಾತ್ರ ಖಾಲಿ.

ಆಮೇಲೆ ಲ್ಯಾಪ್‌ಟಾಪಿನಲ್ಲಿ ನಿನ್ನೆಯ ದಾಖಲೆ ತೆರೆದೆ.
ಥ್ರಾಟಲಿನ ಗೆರೆ ನೇರವಿಲ್ಲ.
ಸೆಕೆಂಡಿಗೆ ಐದು ಸಲ, ಸಣ್ಣ ಸಣ್ಣ ಹಲ್ಲು,
ಇಡೀ ದಾರಿ, ಗರಗಸ ಮಲಗಿಸಿದಂತೆ.
ಸೆನ್ಸರ್ ಸಡಿಲವಾಗಿರಬೇಕು, ಅಂದೆ.
ವೈರು ಅಲುಗಾಡಿಸಿದೆ.
ಗ್ವೆನ್ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟಳು.
ಲೋಟದ ಚಹಾದಲ್ಲಿ ಉಂಗುರ, ಉಂಗುರದೊಳಗೆ ಉಂಗುರ.
"ಸೆನ್ಸರ್ ಸರಿಯಿದೆ."

ತಗಡಿನ ಮೇಲೆ ಯಾವುದೋ ಹಕ್ಕಿ ನಡೆದು ಹೋಯಿತು.

ಸೋಸುವುದು ಸುಲಭ. ಒಂದು ಸಂಖ್ಯೆ ಬದಲಿಸಿದರೆ
ಗೆರೆ ನುಣ್ಣಗಾಗುತ್ತದೆ.
ಆದರೆ ಕೈಯ ಮಾತೂ ಚಕ್ರಕ್ಕೆ ತಡವಾಗಿ ಮುಟ್ಟುತ್ತದೆ.
ರಸ್ತೆಗೆ ಎಮು ಅಡ್ಡ ಬಂದಾಗ
ಬಿಟ್ಟ ಕೈ ಬಿಟ್ಟಂತಾಗಲು ಅರೆಗಳಿಗೆ.
"ಅದು ಬೇಡ," ಅಂದಳು, "ನಾನು ಬಿಟ್ಟಾಗ ಬಿಡಬೇಕು."

ಹಾಗಾದರೆ ಮುಂದಿನ ಕಂಟ್ರೋಲರು
ಎರಡನ್ನೂ ಬಿಡಿಸಿ ಓದಬೇಕು:
ಇದು ಕೈ ನಡುಗಿದ್ದು, ಇದು ಗ್ವೆನ್ ಬೇಕೆಂದದ್ದು.
"ಇಲ್ಲಿಯ ಡಾಕ್ಟರೇ ಅಡಿಲೇಡಿಗೆ ಬರೆದು ಕೇಳಬೇಕಾಯಿತು," ಅಂದಳು.
ಯಾವಾಗ ಎಂದು ನಾನು ಕೇಳಲಿಲ್ಲ.
ಪೆನ್ನು ಕಸಿದುಕೊಂಡು
ಪಟ್ಟಿಯ ಕೆಳಗೆ ತಾನೇ ಬರೆದಳು, ಒಂದು ಸಾಲು.
ಅಕ್ಷರಗಳಿಗೂ ಹಲ್ಲು.

ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡೆ.
ಮುಂದಿನದು ಬರುವಾಗ ಬರಲಿ,
ಈ ಸುಟ್ಟ ಸುರುಳಿ ಇವತ್ತೇ ಆಗಬೇಕು.
ಅವಳು ತಂತಿಯ ತುದಿ ಹಿಡಿದು ಬಿಗಿಯಾಗಿ ಎಳೆದಳು.
ಆಗ ಮಾತ್ರ ಆ ಕೈ ನಿಲ್ಲುತ್ತದೆ.
ನನ್ನ ಕೆಲಸ ಎಣಿಸುವುದು.
ಒಂದು.
ಕೆಮ್ಮು ಬಂತು, ತಡೆದುಕೊಂಡೆ.
ಎರಡು.